‘ಸುಲಭವಾಗಿ ತೋರಿಸಬಹುದು’ ಎಂದು ಬರೆಯುವವರಿಗೆ

ಮುದಗಲ್ಲು
ಎರಡನೆಯ ಎಣಿಕೆಯ ನೂರ ನಲವತ್ತೊಂದನೆಯ ವರ್ಷ, ಜ್ಯೇಷ್ಠ ಮಾಸ

ಆದಿವಿಶ್ವದ ಭೌತಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಪ್ರೌಢ ಪಠ್ಯ ಬರೆಯುತ್ತಿರುವವರಿಗೆ, ಅದರ ಕರಡು ತಿದ್ದುತ್ತಿರುವವರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಿಮ್ಮ ಎಣಿಕೆ ನಿಂತುಹೋದ ಮೇಲೆ ನಾವು ಹೊಸದಾಗಿ ಒಂದರಿಂದ ಶುರುಮಾಡಿದೆವು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ಅದನ್ನು ಮನ್ನಿಸಿ. ನನ್ನ ಸಿಟ್ಟನ್ನು ಮಾತ್ರ ಮನ್ನಿಸಬೇಕಾಗಿಲ್ಲ, ಅದನ್ನು ತಿಳಿದೇ ಬರೆಯುತ್ತಿದ್ದೇನೆ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ತೂಕ ಕಡಿಮೆಯಿರಬೇಕು, ಕಾಗದ ಒಂದೇ ಇರಬೇಕು. ತಲುಪುತ್ತದೆಯೇ ಎಂದು ಕೇಳಿದರೆ ಆ ಅಂಚೆಯವರು ಗೊತ್ತಿಲ್ಲ ಎಂದರು. ಹಾಗೆ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ನಮ್ಮಲ್ಲಿ ಪುಸ್ತಕ ಓದುವ ಬಗೆಯನ್ನು ಮೊದಲು ಹೇಳಬೇಕು. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಯಂತ್ರಗಳು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದವು, ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಯಂತ್ರಗಳು ಮೌನವಾದ ದಿನ ಊರಿನಲ್ಲಿ ಉತ್ತರಗಳಿದ್ದವು, ದಾರಿಗಳಿರಲಿಲ್ಲ. ಕಾಲುವೆಯ ತೂಬನ್ನು ಎಷ್ಟು ಎತ್ತಬೇಕೆಂದು ಬರೆದಿಟ್ಟಿದ್ದರು. ಮಳೆ ಬದಲಾದಾಗ ಆ ಸಂಖ್ಯೆಯನ್ನು ಹೇಗೆ ಬದಲಿಸಬೇಕೆಂದು ಒಬ್ಬರಿಗೂ ತಿಳಿಯಲಿಲ್ಲ, ಮೂರು ಊರು ನೀರಿನಲ್ಲಿ ಹೋದವು. ಅಂದಿನಿಂದ ‘ಸಾಲು ಹಿಡಿಯುವ’ ಪದ್ಧತಿ ಬಂತು. ಪಾಠಕ್ಕಿಟ್ಟ ಯಾವುದೇ ಪುಸ್ತಕದ ಯಾವುದೇ ಸಾಲಿನ ಮೇಲೆ ಯಾರು ಬೇಕಾದರೂ ಬೆರಳಿಟ್ಟು ‘ಹೇಗೆ’ ಎನ್ನಬಹುದು. ಕೋಟೆಯ ಒಳಗೋಡೆಗೆ ಕರಿ ಬಳಿದಿದ್ದೇವೆ. ಸಂಜೆ ಜನ ಚಾಪೆ ಹಾಸಿಕೊಂಡು, ಶೇಂಗಾ ಸುಲಿಯುತ್ತ, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಾರೆ. ಪಾಠ ಹೇಳುವವರು ಗೋಡೆಯ ಮೇಲೆ ಆ ಸಾಲನ್ನು ಸಾಧಿಸಿ ತೋರಿಸಬೇಕು. ಮೂರು ಕೂಟಗಳ ಅವಕಾಶವಿದೆ. ಮೂರರಲ್ಲೂ ಆಗದಿದ್ದರೆ ಪುಸ್ತಕ ಕತೆಗಳ ಕಪಾಟಿಗೆ ಹೋಗುತ್ತದೆ. ಅಲ್ಲಿ ಓದಬಹುದು, ಆದರೆ ಅದರಿಂದ ಪಾಠ ಮಾಡುವಂತಿಲ್ಲ. ಒಂದೇ ಒಂದು ವಿನಾಯಿತಿ ಇದೆ. ‘ಇದು ನಮಗೆ ತಿಳಿದಿಲ್ಲ’ ಎಂದು ಪುಸ್ತಕವೇ ಒಪ್ಪಿಕೊಂಡ ಸಾಲನ್ನು ಯಾರೂ ಹಿಡಿಯುವಂತಿಲ್ಲ. ಅಂಥ ಸಾಲುಗಳಿಗೆ ನಮ್ಮಲ್ಲಿ ಮರ್ಯಾದೆ ಹೆಚ್ಚು. ಮಕ್ಕಳು ಅವನ್ನೇ ಮೊದಲು ಹುಡುಕುತ್ತಾರೆ.

ನಿಮ್ಮ ಪುಸ್ತಕವನ್ನು ಇಲ್ಲಿ ಪಾಠ ಹೇಳುವವಳು ಹುಲಿಗೆವ್ವ. ನನ್ನ ಪಕ್ಕದ ಮನೆಯವಳು, ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ವಿಶ್ವದ ಮೊದಲ ಕ್ಷಣಗಳ ಗಣಿತವನ್ನು ಕನ್ನಡದಲ್ಲಿ ಕಲಿಸುವ ತರಗತಿ ಇದೊಂದೇ. ಲಿಂಗಸುಗೂರಿನಿಂದ, ಮಸ್ಕಿಯಿಂದ ಬಿಸಿಲುಗಾಡಿಯಲ್ಲಿ, ಅಂದರೆ ಮೋಡ ಬಂದರೆ ದಾರಿಯಲ್ಲೇ ನಿಲ್ಲುವ ಗಾಡಿಯಲ್ಲಿ, ಓದುವವರು ಬರುತ್ತಾರೆ. ಪುಸ್ತಕ ಹೋದರೆ ತರಗತಿ ಹೋಗುತ್ತದೆ. ಹುಲಿಗೆವ್ವನಿಗೆ ಬೇರೆ ಕೆಲಸ ಸಿಗುತ್ತದೆ ಎಂದು ಜನ ಸಮಾಧಾನ ಹೇಳುತ್ತಾರೆ. ಅವಳಿಗೆ ಬೇಕಾದದ್ದು ಬೇರೆ ಕೆಲಸವಲ್ಲ.

ಸಾಲು ಹಿಡಿದವರು ಅಮರಗುಂಡಪ್ಪ ವಕೀಲರು. ಅವರು ಯಾವ ಸಾಲನ್ನು ಹಿಡಿದರು ಎಂಬುದನ್ನು ನೀವು ಊಹಿಸಿದ್ದೀರಿ, ಯಾಕೆಂದರೆ ಬರೆಯುವಾಗ ನಿಮ್ಮ ಕೈ ಅಲ್ಲಿ ಒಂದು ಕ್ಷಣ ತಡೆದಿರಬೇಕು. ವಿಶ್ವ ಮೊದಲ ಕ್ಷಣದಲ್ಲಿ ಭರದಿಂದ ಹಿಗ್ಗಿತು, ಆಗ ಅತಿ ಸಣ್ಣ ಕ್ವಾಂಟಂ ಕಂಪನಗಳೂ ಹಿಗ್ಗಿದವು, ಅವೇ ಮುಂದೆ ಗೆಲಾಕ್ಸಿಗಳಿಗೆ ಬೀಜವಾದವು ಎಂದು ಹಂತಹಂತವಾಗಿ ಬರೆದಿದ್ದೀರಿ. ಚೆನ್ನಾಗಿಯೇ ಬರೆದಿದ್ದೀರಿ. ಆಮೇಲೆ ಒಂದು ಸಾಲು: ‘ಈ ಕಂಪನಗಳು ಮುಂದೆ ಸಾಮಾನ್ಯ ಏರಿಳಿತಗಳಾಗಿ ನೆಲೆಗೊಳ್ಳುತ್ತವೆ ಎಂಬುದನ್ನು ಸುಲಭವಾಗಿ ತೋರಿಸಬಹುದು.’

ಮೊದಲ ಕೂಟದಲ್ಲಿ ಹುಲಿಗೆವ್ವ ಆ ಏರಿಳಿತಗಳು ಎಷ್ಟು ದೊಡ್ಡವೆಂದು ಗೋಡೆ ತುಂಬ ಸಾಧಿಸಿದಳು. ಒಂದು ತಪ್ಪೂ ಇರಲಿಲ್ಲ. ವಕೀಲರು ಶೇಂಗಾದ ಸಿಪ್ಪೆ ಕೊಡವಿ ಎದ್ದರು.

“ರೊಟ್ಟಿ ಎಷ್ಟು ಉಬ್ಬತೈತಿ ಅಂತ ತೋರಿಸಿದಿ ತಂಗೀ, ಒಪ್ಪಿದೆ. ಈ ಗುಳ್ಳಿ ಇಲ್ಲೇ ಯಾಕ ಎದ್ದಿತು, ಅಲ್ಲ್ಯಾಕ ಏಳಲಿಲ್ಲ? ಅದನ್ನ ತೋರಿಸು.”

ಜನ ನಕ್ಕರು, ಆದರೆ ಪ್ರಶ್ನೆ ಸರಿಯಾಗಿತ್ತು. ಆರಂಭದ ಸಮೀಕರಣದಲ್ಲಿ ಎಲ್ಲ ಸಾಧ್ಯತೆಗಳೂ ಒಟ್ಟಿಗೆ ಇರುತ್ತವೆ. ಆಕಾಶದಲ್ಲಿ ಕಾಣುವುದು ಒಂದೇ. ಉಳಿದವು ಎಲ್ಲಿ ಹೋದವು? ಎರಡನೆಯ ಕೂಟದಲ್ಲಿ, ಸುತ್ತಲಿನ ಕಣಗಳೊಂದಿಗೆ ಬೆರೆತು ಸಾಧ್ಯತೆಗಳ ನಡುವಿನ ನಂಟು ಅಳಿಯುತ್ತದೆ ಎಂದು ಅವಳು ತೋರಿಸಿದಳು. ನಂಟು ಅಳಿದರೂ ಸಾಧ್ಯತೆಗಳು ಹಲವಾಗಿಯೇ ಉಳಿದವಲ್ಲ, ಒಂದಾದದ್ದು ಹೇಗೆಂದು ವಕೀಲರು ಕೇಳಿದರು. ಹುಲಿಗೆವ್ವ ತಾನೇ ಬಟ್ಟೆ ತೆಗೆದುಕೊಂಡು ಬರೆದದ್ದನ್ನು ಒರೆಸಿದಳು.

ನನಗೆ ವಕೀಲರ ಮೇಲೆ ಸಿಟ್ಟಿಲ್ಲ. ಸಿಟ್ಟು ನಿಮ್ಮ ಮೇಲೆ. ನಿಮ್ಮ ಕಾಲದ ಬೇರೆ ಪುಸ್ತಕಗಳನ್ನೂ ಓದಿದ್ದೇನೆ. ಕೆಲವರು ಇದೇ ಜಾಗದಲ್ಲಿ ‘ಸ್ಪಷ್ಟವಾಗಿದೆ’ ಎಂದಿದ್ದಾರೆ, ಕೆಲವರು ‘ಅಭ್ಯಾಸಕ್ಕೆ ಬಿಟ್ಟಿದೆ’ ಎಂದಿದ್ದಾರೆ. ಒಬ್ಬರನ್ನು ನೋಡಿ ಒಬ್ಬರು ದಾಟಿದ್ದೀರಿ. ವಿದ್ಯಾರ್ಥಿ ಹೆದರಬಾರದೆಂದೋ, ವಿದ್ವಾಂಸರ ಮುಂದೆ ಸಣ್ಣವರಾಗಬಾರದೆಂದೋ, ಪುಟ ಹೆಚ್ಚಾಗುತ್ತದೆಂದೋ. ತಿಳಿಯದೆ ಇರುವುದು ತಪ್ಪಲ್ಲ. ಇಷ್ಟು ವರ್ಷಗಳ ಮೇಲೆ ನಮಗೂ ತಿಳಿದಿಲ್ಲ. ಆದರೆ ನಿಮ್ಮ ಒಂದು ಸುಳ್ಳು ಸಭ್ಯತೆಗೆ ಇಲ್ಲೊಬ್ಬಳು ಊರೆದುರು ಗೋಡೆ ಒರೆಸಿದಳು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವಳ ಅಂಗಳದಲ್ಲಿ ದೀಪವಿದೆಯೇ ಎಂದು ಹೋಗಿ ನೋಡುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ.

ಊರಿನ ಹಿರಿಯರು ದಾರಿಯೊಂದನ್ನು ಹುಡುಕಿದರು. ಅವರ ಪರವಾಗಿ ಹೋಗಿ ಹೇಳಿದವಳು ನಾನೇ. ಅಂಚಿನಲ್ಲಿ ‘ತಿಳಿದಿಲ್ಲ’ ಎಂದು ನೀನೇ ಬರೆದುಬಿಡು, ಹಳೆಯ ಶಾಯಿಯೂ ಇದೆ, ವಕೀಲರೂ ಬೇರೆ ಕಡೆ ನೋಡುತ್ತಾರೆ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

“ಅವರ ಬಾಯಾಗ ನಾ ಹೆಂಗ ಮಾತು ಹಾಕ್ಲಿ, ಖಾಲಾ? ಗೊತ್ತಿಲ್ಲ ಅನ್ನೂದು ಗೊತ್ತಿಲ್ದವರೇ ಅನ್ಬೇಕು.”

ಅದಕ್ಕೇ ಈ ಪತ್ರ. ಅವಳಿಗೆ ಹೇಳದೆ ಬರೆಯುತ್ತಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಪುಸ್ತಕ ಇನ್ನೂ ನಿಮ್ಮ ಮೇಜಿನ ಮೇಲಿದೆ, ಅಚ್ಚಿಗೆ ಹೋಗಿಲ್ಲ ಎಂದು ನಂಬಿದ್ದೇನೆ. ಆ ಸಾಲನ್ನು ಹೊಡೆದುಹಾಕಿ. ಆ ಜಾಗದಲ್ಲಿ ನಿಮಗೆ ಎಲ್ಲಿಯವರೆಗೆ ತಿಳಿದಿದೆ, ಎಲ್ಲಿಂದ ತಿಳಿದಿಲ್ಲ ಎಂದು ಬರೆಯಿರಿ. ಓದುವವರು ನಿಮ್ಮನ್ನು ಬಿಟ್ಟು ಓಡಿಹೋಗುವುದಿಲ್ಲ. ಅಲ್ಲೇ ನಿಂತು ಯೋಚಿಸುತ್ತಾರೆ, ಇನ್ನೇನು ಬೇಕು ನಿಮಗೆ?

ಕಾರಹುಣ್ಣಿಮೆಯ ಮರುದಿನ ಸಂಜೆ ಮೂರನೆಯ ಕೂಟ. ಸಾಧಿಸುವುದಕ್ಕೆ ಮುಂಚೆ ಹಿಡಿದ ಸಾಲನ್ನು ಪುಸ್ತಕದಿಂದಲೇ ಗಟ್ಟಿಯಾಗಿ ಓದುವುದು ಇಲ್ಲಿಯ ರೂಢಿ. ಹುಲಿಗೆವ್ವ ಜನರ ಎದುರು ನಿಂತು, ಪುಟ ತೆರೆದು, ನೀವು ಏನು ಬರೆದಿದ್ದೀರೋ ಅದನ್ನೇ ಓದುತ್ತಾಳೆ.

ಶರೀಫಾಬಿ ದಫೇದಾರ
ಕೋಟೆ ಓಣಿ, ಮುದಗಲ್ಲು