ಭೈರವಿಗೆ ಎದ್ದು ಬಂದದ್ದು

ಅಂಬೇವಾಡಿ, ದಾಂಡೇಲಿ
೧೧-೨-೨೦೨೫

ದೋಸ್ತ ಉಳವಪ್ಪ,

ಮತ್ತೆ ಆ ಬಸ್ಸಿನ ಮಾತು ನಾನು ಹೇಳಿದ್ದು ಪೂರಾ ಸುಳ್ಳಲ್ಲ ನೋಡಪಾ. ಹಳಿಯಾಳದಿಂದ ಇತ್ತಾಗ ಬರುವ ಬಸ್ಸು ಆ ಹೊತ್ತಿಗೆ ಒಂದು ಇದ್ದದ್ದು ಖರೆ. ಅದರ ಹಿಂದೆ ಇನ್ನೊಂದು ಇತ್ತು ಅಂತ ನೀನು ಅಂದದ್ದೂ ಖರೆ. ಅಷ್ಟು ಹೇಳಿ ನೀನು ನಿನ್ನೆ ಫೋನ್ ಇಟ್ಟುಬಿಟ್ಟಿ, ನಾನಿಲ್ಲಿ ಹಲೋ ಹಲೋ ಅನ್ನುತ್ತ ಕೂತೆ. ಕಡೆಗೆ ಸೊಸೆ ಸಾಯಿಮಾ ಬಂದು, "ಅಬ್ಬಾ, ಅವರು ಫೋನ್ ಇಟ್ಟು ಭಾಳ ಹೊತ್ತಾತು, ನೀವು ಯಾರ ಜೋಡಿ ಮಾತಾಡಾಕತ್ತೀರಿ?" ಅಂದಳು.

ಸಲಾಮು ಹೇಳುವುದನ್ನು ಮರೆತು ಜಗಳದಿಂದಲೇ ಶುರು ಮಾಡಿದೆ. ನಿನಗೆ ಸಲಾಮು, ನಿನ್ನ ಮನೆಯಾಕೆ ಶಂಕ್ರವ್ವಕ್ಕನಿಗೆ ಶರಣು. ನಾವೆಲ್ಲ ಇದ್ದೇವೆ. ಮಗ ಆಸಿಮನ ಗ್ಯಾರೇಜು ನಡೆದಿದೆ, ಸಾಯಿಮಾ ನನ್ನ ಸಕ್ಕರೆ ಗುಳಿಗೆ ತಪ್ಪದೆ ಕೊಡುತ್ತಾಳೆ, ನಾನು ಕೆಲವು ದಿನ ನುಂಗುತ್ತೇನೆ, ಕೆಲವು ದಿನ ಮರೆಯುತ್ತೇನೆ. ಕೈಂಡ್ಲಿ ಎಕ್ಸ್‌ಕ್ಯೂಸ್ ದಿ ಡಿಲೇ. ಧಾರವಾಡದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಸರ್ ಅಷ್ಟು ಕಲಿಸಿದ್ದರಲ್ಲಿ ನನ್ನ ಪಾಲಿಗೆ ಉಳಿದದ್ದು ಇಂಥ ನಾಲ್ಕು ಸಾಲು, ಮತ್ತೆ ಹಾಡು ಬಲ್ಲ ರಸಿಕನಿಗೆ ಹೇಳುವ ಆ ಕೊನೊಶರ್ ಅನ್ನುವ ಒಂದು ಶಬ್ದ. ಅದನ್ನು ಬರೆಯಲು ನಿನಗೂ ಬರಲಿಲ್ಲ, ನನಗೂ ಬರಲಿಲ್ಲ. ಆದರೂ ಹಾಸ್ಟೆಲ್ ತುಂಬ ನಾವಿಬ್ಬರೇ ಕೊನೊಶರ್ ಅಂತ ಹೇಳಿಕೊಂಡು ತಿರುಗಿದೆವು.

ಆಗ ಹಾಕಿಕೊಂಡ ರೀತಿ ಇನ್ನೂ ನಡೆದಿದೆಯಲ್ಲ. ಯಾವ ಕಾರ್ಯಕ್ರಮ ಕೇಳಿದರೂ ವಾರದೊಳಗೆ ಒಬ್ಬರಿಗೊಬ್ಬರು ಬರೆಯಬೇಕು, ಹಾಡಿನ ಮಾತನ್ನು ಫೋನಿನಲ್ಲಿ ಆಡಿ ಕೆಡಿಸಬಾರದು. ನೀನು ಹಳಿಯಾಳದಲ್ಲಿ ಹೊಲ ಹಿಡಿದೆ, ನಾನು ಇಲ್ಲಿ ಮಿಲ್ಲಿನಲ್ಲಿ ಫಿಟ್ಟರ್ ಆದೆ, ಕಾಗದ ಮಾತ್ರ ತಪ್ಪಲಿಲ್ಲ. ಈ ಸಲ ತಪ್ಪಿತು. ಹಾಡಿದವಳು ನಿನ್ನ ಮೊಮ್ಮಗಳು ಸಹನಾ, ಅದೂ ಆಕೆಯ ಮೊದಲ ಕಾರ್ಯಕ್ರಮ. ಮೊದಲನೇ ಸಾಲಿನಲ್ಲಿ ನಿನ್ನ ಬಾಜೂ ಕೂತಿದ್ದ ನಾನು ನಡುವೆ ಎದ್ದು ಬಂದವನು. ಏನು ಬರೆಯಲಿ?

ನೀನು ನಿನ್ನೆ ಅಂದದ್ದು ಒಂದೂ ಬಿಡದೆ ಕಿವಿಯಲ್ಲಿದೆ. "ಸೇರಲಿಲ್ಲಂದ್ರ ಮಾರಿ ಮ್ಯಾಲ ಹೇಳಬೇಕಿತ್ತು. ಹುಡುಗಿ ಭೈರವಿ ಹಚ್ಚಿದ ಕೂಡಲೆ ಎದ್ದು ನಡದಿ. ಅಸೆಂಬ್ಲಿಯೊಳಗ ವಾಕೌಟ್ ಮಾಡತಾರಲ್ಲ, ಹಂಗ. ಆಕಿ ಕಣ್ಣಾರೆ ನೋಡ್ಯಾಳ. ಅವತ್ತಿನಿಂದ ತಂಬೂರಿ ಗವಸು ಬಿಚ್ಚಿಲ್ಲ. ಶಿವರಾತ್ರಿಗೆ ಮುಂಡಗೋಡದಾಗ ಹಾಡೂದೈತಿ, ಒಲ್ಲೆ ಅಂತಾಳ. ಬಾಬಾಜಾನ ಅಜ್ಜಾಗ ನನ್ನ ಹಾಡು ಪೂರಾ ಕೇಳಾಕ ಆಗಲಿಲ್ಲ, ಮತ್ತ ಮಂದಿಗೆ ಯಾಕ ತ್ರಾಸು ಕೊಡ್ಲಿ ಅಂತಾಳ. ಈಗ ನೀ ಹೇಳು, ಯಾಕ ಎದ್ದು ಹೋದಿ?"

ನಾನು ಬಸ್ಸು ಅಂದೆ.

ಆ ಪ್ರಶ್ನೆ ಇರಲಿ, ಕಡೆಗೆ ಬರುತ್ತೇನೆ. ಮೊದಲು ಹಾಡು ಹೆಂಗಾಯಿತು ಅನ್ನುವುದು. ಈ ಹಾಳೆಯನ್ನು ಸಹನಾಳ ಕೈಗೇ ಕೊಡು, ನೀನು ಓದಿ ಹೇಳಿದರೆ ನಡುವೆ ನಿನ್ನದೊಂದು ಸೇರಿಸುತ್ತಿ.

ಮುಲ್ತಾನಿ ರಾಗ ಹಚ್ಚಿದಳು. ಹೊತ್ತು ಇಳಿಯುತ್ತಿತ್ತು, ನಿಮ್ಮೂರಿನ ಹಾಲಿನ ಕಿಟಕಿಯಿಂದ ಬಿಸಿಲು ಬಂದು ತಬಲಾದವನ ಮಾರಿಗೆ ಹೊಡೆಯುತ್ತಿತ್ತು, ಅವನು ಒಂದು ಕಣ್ಣು ಮುಚ್ಚಿಕೊಂಡೇ ಬಾರಿಸುತ್ತಿದ್ದ. ಮೊದಲ ಷಡ್ಜದಲ್ಲಿ ಸಹನಾಳ ದನಿ ನಡುಗಿತು. ನಡುಗಲಿ, ಮೊದಲ ಸಲ ನಡುಗದವರನ್ನು ನಾನು ನಂಬುವುದಿಲ್ಲ. ಆಮೇಲೆ ನಿಷಾದದ ಮೇಲೆ ಬಂದು ನಿಂತಳಲ್ಲ, ಅದು. ಷಡ್ಜ ಅಲ್ಲೇ ಇದೆ, ಕೈ ಚಾಚಿದರೆ ಸಿಗುತ್ತದೆ, ಆದರೆ ಹುಡುಗಿ ಮುಟ್ಟಲಿಲ್ಲ. ಬಾಜೂ ಕೂತ ನೀನು ಉಸಿರು ಹಿಡಿದದ್ದು ನನಗೆ ಕೇಳಿಸಿತು. ಇಳಿಯುವಾಗ ರಿಷಭದ ಮೇಲೆ ಕೂಡ್ರಲಿಲ್ಲ, ಬರೇ ಮುಟ್ಟಿ ಬಂದಳು. ನಡುವೆ ತಂಬೂರಿಯ ಒಂದು ತಂತಿ ಇಳಿದಿತ್ತು. ಮಂದಿಗೆ ತಿಳಿಯಲಿಲ್ಲ. ಈಕೆ ಹಾಡು ನಿಲ್ಲಿಸಲಿಲ್ಲ, ಮಾರಿ ಗಂಟು ಹಾಕಲಿಲ್ಲ, ಹಿಂದೆ ಕೂತು ತಂಬೂರಿ ಮೀಟುತ್ತಿದ್ದ ಗೆಳತಿಯ ಕಡೆ ಒಂದು ಸಲ ಹೊರಳಿ ನೋಡಿದಳು ಅಷ್ಟೆ. ತಬಲಾದವನು ಲಯ ಏರಿಸಿ ಓಡಿದ. ಈಕೆ ಅವನ ಬೆನ್ನು ಹತ್ತಲಿಲ್ಲ. ಅವನೇ ಬೇಸತ್ತು ತಿರುಗಿ ಬಂದ.

ತಪ್ಪೂ ಹೇಳುತ್ತೇನೆ, ಇಲ್ಲದಿದ್ದರೆ ಇದು ಬೀಗರ ಹೊಗಳಿಕೆ ಆಗುತ್ತದೆ. ವೇಗದ ದ್ರುತ್ ಹಾಡುವಾಗ ಅವಸರ ಬಹಳ. ಎರಡನೇ ಸಾಲಿನ ಅಕ್ಷರ ನುಂಗಿದಳು. ವಚನ ಹಾಡುವಾಗ ಅಷ್ಟು ಸ್ವಚ್ಛ ಹೇಳುವ ಹುಡುಗಿ ಅಲ್ಲಿ ಯಾಕೆ ನುಂಗಬೇಕು? ಒಂದು ಗುಟುಕು ನೀರು ಕುಡಿಯಲು ಯಾರೂ ಹೇಳಲಿಲ್ಲ ಅಂತ ಕಾಣುತ್ತದೆ. ಅದು ನಿನ್ನ ತಪ್ಪು, ಅಜ್ಜ ಅನಿಸಿಕೊಂಡವನದು.

ಇಷ್ಟು ಕೇಳಿದ ಮನುಷ್ಯ ಸೇರಲಿಲ್ಲ ಅಂತ ಎದ್ದು ಹೋದನೇನು? ಆಕೆಯನ್ನೇ ಕೇಳು.

ದಣಿವಾಗಿದೆ ಉಳವಪ್ಪ. ಕೈ ದಣಿದಿಲ್ಲ, ಮತ್ತೆಲ್ಲೋ. ಮೊದಲು ಕಾರ್ಯಕ್ರಮ ಇದೆ ಅಂದರೆ ನಾಲ್ಕು ದಿನ ಮುಂಚೆಯೇ ಅಂಗಿ ಇಸ್ತ್ರಿ ಆಗುತ್ತಿತ್ತು. ಈಗ ಆಸಿಮ ಬೈಕ್ ಶುರು ಮಾಡಿ ಹಾರ್ನ್ ಹೊಡೆದ ಮೇಲೆ ಏಳುತ್ತೇನೆ. ಹೋಗುವುದನ್ನು ಬಿಟ್ಟಿಲ್ಲ. ನಾನು ಬಿಟ್ಟೇನು ಅಂತ ಮನೆಯವರು ಅಂಜುತ್ತಾರೆ, ಅದಕ್ಕೆ ಹೋಗುತ್ತೇನೆ.

ಡಿಸೆಂಬರಿನಲ್ಲಿ ನಮ್ಮ ಕಡೆ ಉರುಸು ಆಯಿತಲ್ಲ, ಕವ್ವಾಲಿ ಎರಡು ದಿನ ಇತ್ತು. ಎರಡನೇ ದಿನ ಮುಕಾಬಲಾ, ಹುಬ್ಬಳ್ಳಿಯ ಪಾರ್ಟಿಗೂ ಮಿರಜಿನ ಪಾರ್ಟಿಗೂ. ಎಂದಿನಂತೆ ಹೆಣ್ಮಕ್ಕಳಿಗೆ ಒಂದು ಕಡೆ ಹಸಿರು ಪರದೆ ಕಟ್ಟಿದ್ದರು. ಮಿರಜಿನವನ ದನಿ ಒಡೆದಿತ್ತು, ವಯಸ್ಸಾಗಿದೆ. ಆದರೆ ಒಡೆದ ದನಿಯಿಂದಲೇ ಕೆಲಸ ತೆಗೆದ. ಹುಬ್ಬಳ್ಳಿಯವನು ಸವಾಲು ಹಾಕಿದರೆ ಈತ ಉತ್ತರ ಕೊಡುವ ಮೊದಲು ಎಲೆ ಅಡಿಕೆ ಹಾಕಿಕೊಂಡು ನಿಧಾನ ಅಗಿಯುತ್ತಿದ್ದ, ಮಂದಿ ನಗುತ್ತಿದ್ದರು, ಪರದೆಯ ಆ ಕಡೆಯಿಂದಲೂ ನಗೆ ಕೇಳಿಸುತ್ತಿತ್ತು. ಯಾರು ಗೆದ್ದರು ಅಂತ ನೀನು ಕಾಗದದಲ್ಲಿ ಕೇಳಿದ್ದಿ. ನಾನು ಬರೆಯಲಿಲ್ಲ, ಯಾಕಂದರೆ ನನಗೆ ಗೊತ್ತಿರಲಿಲ್ಲ. ಕೊನೆಯ ಸಲಾಮಿಗೆ ಎಲ್ಲರೂ ಎದ್ದು ನಿಲ್ಲುವ ಮೊದಲೇ ನಾನು ಚಪ್ಪಲಿ ಹುಡುಕಿಕೊಂಡು ಮನೆಯ ದಾರಿ ಹಿಡಿದಿದ್ದೆ.

ಜನವರಿಯಲ್ಲಿ ಮೌಳಂಗಿಯಲ್ಲಿ ಹೊಳೆಯ ದಂಡೆಗೆ ಕೊಳಲಿನ ಕಾರ್ಯಕ್ರಮ ಇಟ್ಟಿದ್ದರು, ರೆಸಾರ್ಟಿನವರು ಕೂಡಿ. ಆಸಿಮ ಒತ್ತಾಯ ಮಾಡಿ ಕರೆದುಕೊಂಡು ಹೋದ. ಸೂಪಾ ಡ್ಯಾಮಿನಿಂದ ನೀರು ಬಿಟ್ಟಿದ್ದರು ಅಂತ ಕಾಣುತ್ತದೆ, ಹೊಳೆಯ ಸಪ್ಪಳವೇ ಕೊಳಲಿಗಿಂತ ದೊಡ್ಡದಾಗಿತ್ತು. ದೋಣಿಯಿಂದ ಇಳಿದು ಬಂದ ಒಬ್ಬ ಪುಣ್ಯಾತ್ಮ ಲೈಫ್ ಜಾಕೆಟ್ ಬಿಚ್ಚದೆ ಮುಂದೆ ಬಂದು ಕೂತಿದ್ದ, ಕೊಳಲಿನಲ್ಲಿ ಮುಳುಗಿದರೆ ಬೇಕಾದೀತು ಅಂತ ಇರಬೇಕು. ಅಲ್ಲಿ ಗಂಡ ಹೆಂಡತಿಗೆ ಬಾಜೂ ಬಾಜೂ ಕುರ್ಚಿ. ಒಬ್ಬ ಹೆಣ್ಣುಮಗಳು ಗಂಡನ ಹೆಗಲಿಗೆ ತಲೆ ಆನಿಸಿ ಕೇಳುತ್ತಿದ್ದಳು. ನೋಡಲು ಚಲೋ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಕೂಡ್ರಲು ಆಗಲಿಲ್ಲ. ಯಾವ ಕಡೆ ನೋಡಬೇಕು ಅನ್ನುವುದೇ ತಿಳಿಯಲಿಲ್ಲ. ಆಲಾಪ ಮುಗಿಯುವುದರೊಳಗೆ ಎದ್ದೆ. ಮನೆಗೆ ಬಂದಾಗ ಸಾಯಿಮಾ ಅಂದಳು, "ನಿಮ್ಮದು ಹೆಂಗಾಗೇತಿ ಅಂದ್ರ ಅಬ್ಬಾ, ಮದುವಿಗೆ ಹೋಗಿ ಊಟಾ ಮಾಡದ ತಿರುಗಿ ಬಂದಂಗ."

ನನ್ನ ದೌಲತಬಿ ಇದ್ದಿದ್ದರೆ ಇನ್ನೂ ಹರಿತ ಅನ್ನುತ್ತಿದ್ದಳು.

ಹೋದ ವರ್ಷ ಬಕ್ರೀದಿನ ಮುಂದೆ ಹೋದಳು, ಮಣ್ಣಿಗೆ ನೀನೂ ಬಂದಿದ್ದಿ. ಅದನ್ನು ಬರೆಯುವುದಿಲ್ಲ. ನಿನಗೆ ಎಂದೂ ಹೇಳದ ಒಂದು ಮಾತು ಬರೆಯುತ್ತೇನೆ. ನಲವತ್ತು ವರ್ಷ ನಾವು ಗಂಡ ಹೆಂಡತಿ ಕೂಡಿ ಕಾರ್ಯಕ್ರಮಕ್ಕೆ ಹೋದೆವು, ಒಂದು ದಿನವೂ ಕೂಡಿ ಕೂತು ಕೇಳಲಿಲ್ಲ. ಉರುಸಿನಲ್ಲಿ ಆಕೆ ಪರದೆಯ ಆ ಕಡೆ, ನಿಮ್ಮೂರಿನ ಹಾಲಿನಲ್ಲಿ ಹೆಣ್ಮಕ್ಕಳ ಸಾಲಿನಲ್ಲಿ ಶಂಕ್ರವ್ವಕ್ಕನ ಬಾಜೂ. ಮುಗಿದ ಮೇಲೆ ನಾನು ಹೆಣ್ಮಕ್ಕಳ ಬಾಗಿಲ ಮುಂದೆ ನಿಲ್ಲುವುದು. ಆಕೆ ಬುರ್ಖಾ ಸರಿ ಮಾಡಿಕೊಳ್ಳುತ್ತ ಬರುವುದು. ನಾನು "ಹೆಂಗಾತು?" ಅನ್ನುವುದು. ಮನೆಯಲ್ಲಿ ನಮ್ಮದು ಉರ್ದು, ಆದರೆ ಹಾಡಿನ ಮಾತನ್ನು ಮಾತ್ರ ಆಕೆ ಕನ್ನಡದಲ್ಲೇ ಆಡುವಳು. ಕೇಳುವುದನ್ನು ಕಲಿತದ್ದು ಶಂಕ್ರವ್ವಕ್ಕನಿಂದ, ಅದಕ್ಕಿರಬೇಕು.

ಒಬ್ಬ ದೊಡ್ಡ ಗವಾಯಿ ಬಂದಿದ್ದ ನೋಡು, ನಾವಿಬ್ಬರೂ ಹುಚ್ಚು ಹಿಡಿದವರಂತೆ ವಾಹ್ ವಾಹ್ ಅಂದು ಗಂಟಲು ಕೆಡಿಸಿಕೊಂಡಿದ್ದೆವು. ಆಕೆ ಹೊರಗೆ ಬಂದು ಅಂದಳು, "ದನಿ ಚಲೋ ಐತಿ. ಆದ್ರ ತನ್ನ ದನಿ ತಾನ ಕೇಳಕೋಂತ ಹಾಡ್ತಾನ. ನಮಗೇನು ಉಳೀತು?" ಆ ಮಾತು ಮಾತಾಡುತ್ತಲೇ ಮನೆ ಮುಟ್ಟಿದೆವು. ಹಾಡು ತೀರಾ ಸೇರದಿದ್ದ ದಿನ ಟೀಕೆ ಮಾಡುವ ಗೋಜಿಗೂ ಹೋಗುತ್ತಿರಲಿಲ್ಲ. ಹೆಂಗಾತು ಅಂದರೆ, "ಹಸಿವಾಗೇತಿ, ನಡೀರಿ," ಅನ್ನುವಳು. ಅಷ್ಟರಲ್ಲಿ ನಾನು ತಿಳಿದುಕೊಳ್ಳಬೇಕು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಭೈರವಿ ಅಂದರೆ ಕಾರ್ಯಕ್ರಮ ಮುಗಿಯಿತು ಅಂತ, ಅದು ಎಲ್ಲರಿಗೂ ಗೊತ್ತು. ಹಾರ್ಮೋನಿಯಂ ಪೇಟಿಯವನ ಬೆರಳು ಆ ಸ್ವರಕ್ಕೆ ಬಿದ್ದ ಕೂಡಲೆ ಮಂದಿ ಮಕ್ಕಳನ್ನು ಎಬ್ಬಿಸುತ್ತಾರೆ, ಚಪ್ಪಲಿಗೆ ಕಾಲು ಹುಡುಕುತ್ತಾರೆ. ಅವತ್ತು ಸಹನಾ ಭೈರವಿ ಹಚ್ಚಿದಾಗ ನನಗೆ ಮೊಣಕಾಲು

ಇಲ್ಲ, ಮೊಣಕಾಲು ಅಂತ ಬರೆಯುವುದಿಲ್ಲ. ಬಸ್ಸಿಗೊಂದು ಸಾಕು.

ಸಾಲು ಮೇಲೆ ಕೆಳಗೆ ಹೋಗುತ್ತಿವೆ. ಬೆಳಕು ಹೊರಟಿದೆ ಕಾಣುತ್ತದೆ. ಮಿಲ್ಲಿನ ಹೊಗೆಯ ಹಿಂದೆ ಒಂದಿಷ್ಟು ಕೆಂಪು ಉಳಿದಿದೆ, ಹಾಳೆಯ ಮೇಲೆ ಏನೂ ಉಳಿದಿಲ್ಲ. ಕಣ್ಣಿಗೆ ಪೊರೆ ಬಂದವನು ಈ ಹೊತ್ತಿನಲ್ಲಿ ಬರೆಯಬಾರದು. ಇಲ್ಲಿಗೆ ನಿಲ್ಲಿಸುತ್ತೇನೆ. ಸಹನಾಳ ತಲೆಯ ಮೇಲೆ ನನ್ನ ಕೈ ಇಟ್ಟೆ ಅಂತ ಹೇಳು. ಅಲ್ಲಾ ಆಕೆಯ ದನಿ ಕಾಯಲಿ, ನಿಮ್ಮ ಉಳವಿಯ ದೇವರೂ ಕಾಯಲಿ, ಇಬ್ಬರಿಗೂ ಒಂದೊಂದು ಕೆಲಸ ಇರಲಿ. ನಿನ್ನ ಸಿಟ್ಟು ಇಳಿಯಲಿ.

ಯುವರ್ಸ್ ಫೇತ್‌ಫುಲಿ ಅಂತ ಬರೆಯುವುದು ಗೆಳೆಯರಿಗೋ ಬ್ಯಾಂಕಿನವರಿಗೋ ಮರೆತೆ. ಯಾವುದಕ್ಕೂ ಇರಲಿ.

ನಿನ್ನ
ಬಾಬಾಜಾನ

ತಾ.ಕ.: ಸಾಯಿಮಾ ಬಂದು ಲೈಟ್ ಹಚ್ಚಿ ಹೋದಳು. ಇನ್ನು ಬೆಳಕಿನ ನೆವವೂ ಉಳಿಯಲಿಲ್ಲ.

ಹಾಡು ನಡೆದಷ್ಟು ಹೊತ್ತು ನನಗೆ ಏನೂ ಆಗುವುದಿಲ್ಲ ಉಳವಪ್ಪ. ಆಕೆ ಆ ಕಡೆ ಕೂತಿರುತ್ತಾಳೆ. ಮೊದಲೂ ಹಾಡು ಮುಗಿಯುವ ತನಕ ನನಗೆ ಕಾಣುತ್ತಿರಲಿಲ್ಲ, ಈಗಲೂ ಕಾಣುವುದಿಲ್ಲ. ಮುಗಿದ ಮೇಲೆ ಬಾಗಿಲ ಮುಂದೆ ನಿಲ್ಲಬೇಕಲ್ಲ, ಅದು ಆಗುವುದಿಲ್ಲ. ಉರುಸಿನ ಮೊದಲ ದಿನ ರೂಢಿಯ ಮೇಲೆ ಹೋಗಿ ನಿಂತಿದ್ದೆ. ಹೆಣ್ಮಕ್ಕಳೆಲ್ಲ ಹೋದರು. ಪೆಂಡಾಲಿನವನು ಪರದೆ ಬಿಚ್ಚುತ್ತ, "ಚಾಚಾ, ನಿಮ್ಮವರು ಯಾರು ಬರೂದೈತಿ? ಒಳಗ ಯಾರೂ ಇಲ್ಲರಿ," ಅಂದ. ಅಂದಿನಿಂದ ಮುಗಿಯುವ ಮೊದಲೇ ಏಳುತ್ತೇನೆ.

ಹಳಿಯಾಳದಲ್ಲಿ ಸಹನಾಳ ಸಲುವಾಗಿ ಹಲ್ಲು ಕಚ್ಚಿ ಕೂಡ್ರಬೇಕು ಅಂತಲೇ ಬಂದಿದ್ದೆ. ಆದರೆ ಆಚೆ ಸಾಲಿನಲ್ಲಿ ಶಂಕ್ರವ್ವಕ್ಕ ತನ್ನ ಬಾಜೂ ಕುರ್ಚಿಯ ಮೇಲೆ ಚೀಲ ಇಟ್ಟಿದ್ದಳು. ದೌಲತಬಿಗೆ ಜಾಗ ಹಿಡಿಯುತ್ತಿದ್ದಳಲ್ಲ, ಹಂಗೇ. ಯಾರೋ ಬಂದು ಕೂಡ್ರಲು ಹೋದಾಗ ಅಕ್ಕ ಕೈ ಅಡ್ಡ ಮಾಡಿದ್ದನ್ನೂ ನೋಡಿದೆ. ಮರೆತು ಮಾಡಿದಳೋ ನೆನೆದು ಮಾಡಿದಳೋ, ನೀನು ಕೇಳಬೇಡ. ಭೈರವಿ ಶುರುವಾದ ಕೂಡಲೆ ಅಕ್ಕ ಆ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಕುರ್ಚಿ ಬರಿದಾಯಿತು. ನಾನು ಎದ್ದೆ.

ಸಹನಾಳಿಗೆ ಹೇಳು, ಆಕೆಯ ಭೈರವಿ ನಾನು ಕೇಳಿದ್ದು ಒಂದೇ ಸಾಲು. ಆ ಸಾಲು ಇನ್ನೂ ಕಿವಿಯಲ್ಲಿದೆ, ಅದರ ಮುಂದಿನದು ಬೇಕಾಗಿದೆ. ಶಿವರಾತ್ರಿಗೆ ಮುಂಡಗೋಡಕ್ಕೆ ನಾನು ಬರುತ್ತೇನೆ, ತಂಬೂರಿಯ ಗವಸು ಬಿಚ್ಚಲಿ. ಭೈರವಿ ಹಚ್ಚಿದಾಗ ನೀನು ನನ್ನ ಅಂಗಿ ಹಿಡಿದು ಕೂಡ್ರಿಸು.

ಮುಗಿದ ಮೇಲೆ ಹೆಣ್ಮಕ್ಕಳ ಬಾಗಿಲ ಮುಂದೆ ನಿಂತಿರುತ್ತೇನೆ. ಶಂಕ್ರವ್ವಕ್ಕ ಹೊರಗೆ ಬಂದಾಗ ಹೆಂಗಾತು ಅಂತ ಕೇಳುತ್ತೇನೆ. ಏನಾದರೂ ಒಂದು ಹೇಳು ಅಂತ ಅಕ್ಕನಿಗೆ ಮೊದಲೇ ಹೇಳಿಡು. ಹಸಿವಾಗೇತಿ, ನಡೀರಿ ಅಂದರೂ ಸಾಕು.