ಹದಿನೆಂಟು ಇಂಚಿನ ಸುರುಳಿ

ಭಾನುವಾರ, ೪ ಫೆಬ್ರವರಿ ೧೯೭೩. ಬೆಳಿಗ್ಗೆ ೭-೩೦

ಹಾಲಿನ ಕ್ಯೂ. ಎರಡು ಬಾಟ್ಲಿ. ವಾಪಸ್ ಬರುವಾಗ ಬಿಲ್ಡಿಂಗ್ ಹಿಂದೆ ಚಪ್ಪಾಳೆ. ಘನತೆವೆತ್ತ ಸೊಸೈಟಿ ಸೆಕ್ರೆಟರಿ ಶ್ರೀಮಾನ್ ರಾಮಸ್ವಾಮಿಯವರಿಂದ ಬ್ಯಾಡ್ಮಿಂಟನ್ ಕೋರ್ಟ್ ಉದ್ಘಾಟನೆ. ಮೊಣಕಾಲಿನತನಕ ಬಿಳಿ ಕಾಲುಚೀಲ. ಮೊದಲ ಶಟಲ್ ನೆಟ್‌ಗೇ ಬಿತ್ತು. ಆದರೂ ಚಪ್ಪಾಳೆ.

ಮೂರು ವಾರದ ಹಿಂದೆ ಅಲ್ಲಿ ಐದು ಗುಡಿಸಲಿದ್ದವು. ಗುಲ್ಬರ್ಗಾ ಕಡೆಯ ಕಟ್ಟಡದ ಕೆಲಸದವರು. ಇದೇ ಕಾಲುಚೀಲ ಫೋನ್ ಮಾಡಿ ಲಾರಿ ಕರೆಸಿ ಒಡೆಸಿತು. ಮಾರನೇ ದಿನ ಕೆಂಪುಮಣ್ಣು ತುಂಬಿಸಿತು, ಒಂದಡಿ ಎತ್ತರ. ಮೇಲೆ ರೋಲರ್.

ಗೇಟಿನ ಹೊರಗೆ ದೇವಕ್ಕ ನಿಂತಿದ್ದಳು. ಮೂರನೇ ಗುಡಿಸಲು ಅವಳದ್ದು. ಈಗ ರೇಲ್ವೆ ಗೋಡೆಯ ಆಚೆ ತಾಡಪತ್ರಿಯ ಡೇರೆ ಕಟ್ಟಿಕೊಂಡಿದ್ದಾಳೆ.

“ನಾಣಿ, ನನ್ನ ಕಾಲ್ಗಡಗ ಅದರ ಬುಡಕ ಉಳದಾವೋ.”

ಕಟ್ಟಡಕ್ಕೆ ಕಟ್ಟಿದ ಬಿದಿರಿನ ಪರಾಂಚಿ ಹತ್ತುವಾಗ ಕಾಲಿನಲ್ಲಿ ಕಡಗ ಇರಬಾರದು — ಆಳುಗಳ ಮೇಸ್ತ್ರಿ ಮುಕಾದಮನ ಕಟ್ಟಪ್ಪಣೆ. ಅದಕ್ಕೇ ಅವರೆಲ್ಲ ಒಲೆಯ ಕೆಳಗೆ ಹೂತಿಡುತ್ತಾರೆ. ಹಬ್ಬಕ್ಕೆ ತೆಗೆದು ಹಾಕಿಕೊಂಡು, ಮತ್ತೆ ಹೂಳುವುದು. ಲಾರಿ ಬಂದ ದಿನ ಕೊಡ ಎತ್ತಿಕೊಳ್ಳುವಷ್ಟರಲ್ಲಿ ಗೋಡೆ ಬಿತ್ತಂತೆ.

“ನಮ್ಮವ್ವ ಸಾಯೂ ಮುಂದ ತನ್ನ ಕಾಲಾಂದು ಬಿಚ್ಚಿ ನನಗ ಹಾಕ್ಯಾಳ. ಮಾರ್ಚ್ ಐದಕ್ಕ ನಮ್ಮ ಗ್ಯಾಂಗ್ ಪನವೇಲ್ ಕಡಿ ಹೊಂಟೈತಿ. ಬರಿಗಾಲಾಗ ಹ್ಯಾಂಗ ಹೋಗ್ಲಿ?”

ಸೆಕ್ರೆಟರಿಯನ್ನು ಕೇಳಿದಳಂತೆ. ಉತ್ತರ: “ನೀರು ಕದಿಯೋಕೆ ಬಂದೋರು ಈಗ ನೆಲ ಕದಿಯೋಕೆ ಬಂದ್ರಾ?”

ಆ ನೀರಿನ ವಿಷಯ ಇಲ್ಲಿ ಬರೆಯುವುದಿಲ್ಲ.

ಎರಡು ಹಾಲಿನ ಬಾಟ್ಲಿ ಸಾಕ್ಷಿಯಾಗಿ ಈ ನಾರಾಯಣನ ಪ್ರತಿಜ್ಞೆ — ವಯಸ್ಸು ಹತ್ತೊಂಬತ್ತು, ಇಂಟರ್ ಸೈನ್ಸ್ ಎರಡು ಸಲ ಫೇಲ್: ಆ ಕೋರ್ಟನ್ನು ಸೆಕ್ರೆಟರಿಯ ಬಾಯಿಂದಲೇ “ಅಗೆಯಿರಿ” ಅನ್ನಿಸಿ ಅಗೆಸುತ್ತೇನೆ. ಇಡೀ ಬಿಲ್ಡಿಂಗ್ ನೋಡುತ್ತಿರಬೇಕು.

ಮಂಗಳವಾರ, ೬ ಫೆಬ್ರವರಿ. ಅಂಗಡಿ, ಬೈಕುಲ್ಲಾ

ಕೋರ್ಟು ನಲವತ್ತನಾಲ್ಕು ಅಡಿ, ಇಪ್ಪತ್ತು ಅಡಿ. ಒಲೆ ಎಲ್ಲಿತ್ತೋ ದೇವಕ್ಕನಿಗೇ ಗೊತ್ತಾಗುತ್ತಿಲ್ಲ. ಎಲ್ಲ ಒಂದೇ ಕೆಂಪು.

ದೂಜ ಮಾಮನಿಗೆ ಹೇಳಿದೆ. ನಾನು ಕೆಲಸ ಕಲಿಯುವ ರೇಡಿಯೋ ರಿಪೇರಿ ಅಂಗಡಿಯ ಯಜಮಾನರು. ಉಡುಪಿ ಕಡೆಯವರು, ಬಾಯಲ್ಲಿ ಸದಾ ಸ್ಕ್ರೂ. ರದ್ದಿಯಿಂದ ಒಂದು ಹಳೇ ಮ್ಯಾಗಝಿನ್ ಎಳೆದರು. ಅದರಲ್ಲಿ ಲೋಹ ಹುಡುಕುವ ಯಂತ್ರದ ಚಿತ್ರ. ತಾಮ್ರದ ತಂತಿಯ ಒಂದು ಸುರುಳಿ, ಒಂದು ಟ್ರಾನ್ಸಿಸ್ಟರ್ ರೇಡಿಯೋ, ಅಷ್ಟೆ. ಸುರುಳಿ ಲೋಹದ ಮೇಲೆ ಬಂದರೆ ರೇಡಿಯೋದ ಸಿಳ್ಳೆ ಬದಲಾಗುತ್ತದೆ.

ತಂಗಿ ವಿನೋದಿನಿಯ ಕಸೂತಿ ಚೌಕಟ್ಟು ಕದ್ದು ತಂದು ಸುತ್ತಿದೆ. ಆರಿಂಚು. ಮೇಜಿನ ಮೇಲೆ ನಾಲ್ಕಾಣೆ ಇಟ್ಟರೆ ಕುಂಯ್ ಹೋಗಿ ಕೀಂಯ್! ಯಂತ್ರಕ್ಕೆ ನಾಮಕರಣ ಆಯಿತು: ಪಾತಾಳಗರಡಿ. ದೂಜ ಮಾಮ ಅಕ್ಷತೆಯ ಬದಲು ಎರಡು ಸ್ಕ್ರೂ ಎಸೆದರು.

ಭಾನುವಾರ, ೧೧ ಫೆಬ್ರವರಿ. ಮಧ್ಯಾಹ್ನ ೩

ಸೋಲು. ವಿವರವಾಗಿ ಬರೆಯುತ್ತೇನೆ, ದ್ವೇಷಕ್ಕೆ ಬೇಕಾಗುತ್ತದೆ.

ಸೆಕ್ರೆಟರಿ ಊಟ ಮಾಡಿ ಮಲಗುವ ಹೊತ್ತು. ಪಾತಾಳಗರಡಿ ಹಿಡಿದು ಕೋರ್ಟಿಗಿಳಿದೆ. ಹೆಜ್ಜೆಗೊಂದು ಕೀಂಯ್. ಅಗೆದರೆ ಮೊಳೆ. ಸೋಡಾ ಮುಚ್ಚಳ. ಮತ್ತೆ ಮೊಳೆ. ಮೂವತ್ತೊಂದು ಮೊಳೆ, ಎಲ್ಲ ಮೂರು ನಾಲ್ಕಿಂಚಿನೊಳಗೆ. ಅದರ ಕೆಳಗೆ ಯಂತ್ರಕ್ಕೆ ಕಿವಿಯೇ ಇಲ್ಲ.

“ಏನೋ ಅದು, ಫೇಲ್ ಇಂಜಿನಿಯರ್?”

ಹಿಂದೆ ರಾಮಸ್ವಾಮಿ, ಬನಿಯನ್ನಿನಲ್ಲಿ.

“ಭೂಗರ್ಭ ಪರೀಕ್ಷೆ ಸಾರ್. ಕೋರ್ಟಿನ ಆರೋಗ್ಯಕ್ಕೆ.”

ಕೈಯಿಂದ ಕಿತ್ತರು. ಮಂಡಿಗೆ ಬಡಿದು ಚೌಕಟ್ಟು ಮುರಿದರು. ಬಾಲ್ಕನಿಗಳೆಲ್ಲ ನಕ್ಕವು. ವಿನೋದಿನಿ ನಗಲಿಲ್ಲ.

ಹೊರಟವರು ಮೆಟ್ಟಿಲ ಹತ್ತಿರ ನಿಂತು, ಸ್ವಲ್ಪ ಮೆತ್ತಗೆ: “ಅದು... ಬಂಗಾರಕ್ಕೂ ಕೂಗುತ್ತಾ?”

ಓಹೋ.

ಮಂಗಳವಾರ, ೧೩ ಫೆಬ್ರವರಿ. ಅಂಗಡಿ

ದೂಜ ಮಾಮನ ಪಾಠ: “ಎಂತ ಮಾರಾಯ, ಆರಿಂಚಿನ ಸುರುಳಿಯಲ್ಲಿ ಪಾತಾಳ ನೋಡ್ಲಿಕ್ಕೆ ಆಗ್ತದಾ? ಸುರುಳಿ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟೇ ಆಳ ಅದಕ್ಕೆ ಕೇಳ್ತದೆ. ಅಗಲ ಮಾಡು.”

“ಹಾಗಾದ್ರೆ ಹತ್ತಡಿ ಮಾಡಿಬಿಡೋಣ.”

“ಮಾಡು, ಆಗ ಆನೆ ಹೂತಿದ್ರೆ ಮಾತ್ರ ಸಿಗ್ತದೆ. ಬಲೆಯ ಕಣ್ಣು ದೊಡ್ಡದಾದ್ರೆ ಬೂತಾಯಿ ಮೀನು ನುಸುಳಿ ಹೋಗ್ತದಲ್ಲ, ಹಾಗೇ. ಸಣ್ಣದು ಕೇಳೂದಿಲ್ಲ. ಸಿಕ್ಕಿದ್ದು ಸರಿಯಾಗಿ ಎಲ್ಲಿ ಅಂತಲೂ ಹೇಳೂದಿಲ್ಲ.”

ಮೊಳೆ ಕೇಳದಿರುವುದೇ ನನಗೆ ಬೇಕಾದದ್ದು! ಬೈಕುಲ್ಲಾ ಮಾರ್ಕೆಟ್ಟಿನಿಂದ ಮೀನುಬುಟ್ಟಿಯ ಬಿದಿರು ಮುಚ್ಚಳ ತಂದೆ. ಹದಿನೆಂಟು ಇಂಚು. ಸುತ್ತು ಕಡಿಮೆ ಮಾಡಬೇಕಾಯಿತು, ಇಲ್ಲದಿದ್ದರೆ ಸಿಳ್ಳೆ ಹೊಂದುತ್ತಿರಲಿಲ್ಲ. ಹಿತ್ತಲಲ್ಲಿ ಒಂದಡಿ ಆಳಕ್ಕೆ ಹಿತ್ತಾಳೆ ಚೊಂಬು ಹೂತೆವು. ಹೋಲಿಸಲು ಹೊಸದಾಗಿ ಸುತ್ತಿದ ಆರಿಂಚಿನದು — ಮೌನ. ಮೀನುಬುಟ್ಟಿ — ಕೂಗಿತು. ಮೊಳೆ ಚೆಲ್ಲಿದರೂ ಕ್ಯಾರೇ ಅನ್ನಲಿಲ್ಲ.

ನಾರುತ್ತದೆ. ಇರಲಿ. ಸೇಡಿಗೆ ಒಂದು ವಾಸನೆ ಇರಬೇಕು.

ಮಂಗಳವಾರ, ೨೦ ಫೆಬ್ರವರಿ

ಒಂದು ವಾರ ಬರೆಯಲಿಲ್ಲ. ಬರೆಯಬೇಕಾದದ್ದು ಇದೊಂದೇ ಇತ್ತು.

ನೀರಿನ ನೋಟೀಸು ನನ್ನದು.

ಜನವರಿ ಹದಿಮೂರು, ಸೊಸೈಟಿ ಬೋರ್ಡು. “ನಾಳೆಯಿಂದ ಹಿಂದಿನ ಗುಡಿಸಲುಗಳವರು ನಮ್ಮ ನಲ್ಲಿಯಲ್ಲಿ ನೀರು ಹಿಡಿಯಬಹುದು. ಇಂತಿ ಸೆಕ್ರೆಟರಿ.” ಸಹಿ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ನನಗೇ ನಮಸ್ಕಾರ ಹಾಕಬೇಕು ಅನ್ನಿಸಿತ್ತು. ರಾಮಸ್ವಾಮಿ ಕುಣಿಯುವುದನ್ನು ನೋಡುವ ಆಸೆ. ಯಾರೋ ಅದನ್ನು ಗುಡಿಸಲಿನವರಿಗೆ ಓದಿ ಹೇಳಿದರು. ಅವರು ನಂಬಿ ಕೊಡ ತಂದು ಸಾಲಾಗಿ ನಿಂತರು. ಅವನು ಕುಣಿದ. ಆಮೇಲೆ ಫೋನ್ ಮಾಡಿದ.

“ಬರೆದವನು ಸಿಕ್ಕಲಿ, ಅವನ ಮನೆ ಸಾಮಾನು ಗೇಟಿನ ಹೊರಗೆ” ಅಂದಿದ್ದಾನೆ. ನಾವಿರುವುದೇ ಸೊಸೈಟಿ ನಿಯಮಕ್ಕೆ ವಿರುದ್ಧವಾಗಿ, ಸಬ್‌ಟೆನೆಂಟ್ ಆಗಿ, ಅವನು ಕಣ್ಣುಮುಚ್ಚಿಕೊಂಡಿರುವುದರಿಂದ.

ಅಪ್ಪ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾರೆ. ಪುಟ ತಿರುವಿದ ಸದ್ದಿಗೂ ಬೆಚ್ಚುತ್ತೇನೆ.

ಸೇಡು ಇನ್ನೂ ಜೋರಾಗಬೇಕು. ಅವನೇ ತಪ್ಪಿತಸ್ಥ ಅಂತ ನನಗೆ ಪೂರ್ತಿ ಅನ್ನಿಸುವಷ್ಟು.

ಭಾನುವಾರ, ೨೫ ಫೆಬ್ರವರಿ. ಸಂಜೆ ೫

ಮೀನುಬುಟ್ಟಿ ಎರಡು ಕಡೆ ಕೂಗಿತು. ನೆಟ್ಟಿನ ಪೂರ್ವಕ್ಕೆ ಕಿವಿ ಹರಿಯುವಂತೆ. ಪಶ್ಚಿಮದ ಮೂಲೆಯಲ್ಲಿ ಮೆತ್ತಗೆ. ಲೆಕ್ಕಾಚಾರ: ಎರಡು ಕಡಗಕ್ಕೆ ಎಷ್ಟು ಸದ್ದು ಬಂದೀತು? ಮೆತ್ತಗಿನದು ಕಡಗ. ಜೋರಿನದು ಹಳೇ ಕಬ್ಬಿಣದ ನೀರಿನ ಪೈಪು. ಹಾಗೊಂದು ಇದೆ ಅಂತ ಪ್ಲಂಬರ್ ಹೇಳುತ್ತಿದ್ದ.

ಈ ಸಲ ರಾಮಸ್ವಾಮಿ ಬಯ್ಯಲಿಲ್ಲ. ಮನೆಗೆ ಕರೆದು ಕಾಫಿ ಕೊಟ್ಟರು. ಬೆಳ್ಳಿ ಲೋಟ.

“ಏನಪ್ಪಾ ಸಿಕ್ಕಿದ್ದು, ನಾಣಿ? ನನ್ನ ಹತ್ರ ಮಾತ್ರ ಹೇಳು.”

ದನಿ ಇಳಿಸಿದೆ. “ಸಾರ್, ಈ ಜಾಗ ಹಳೇದು. ಪೂರ್ವದ ಕಡೆ ಯಾವುದೋ ದೊಡ್ಡ ಪಾತ್ರೆ. ಮುಚ್ಚಳ ಇರೋ ಹಾಗಿದೆ.”

ಅವರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು. ಜನ್ಮ ಸಾರ್ಥಕ.

ಮುಂದಿನ ಭಾನುವಾರ ಮುಹೂರ್ತ. ಹೊರಗಿನವರಿಗೆ “ನೆಟ್ಟಿನ ಕಂಬ ಸರಿಮಾಡೋದು.” ಅಗೆಯಲು ಅಗ್ಗದ ಆಳು ನಾನೇ ಗೊತ್ತುಮಾಡಿದ್ದೇನೆ — ದೇವಕ್ಕನ ಗಂಡ ಬಂಡೆಪ್ಪ. ಅವನು ಪೂರ್ವದಲ್ಲಿ ಪೈಪು ಅಗೆಯುವಾಗ ದೇವಕ್ಕ ಮಣ್ಣು ಹೊರುವ ನೆಪದಲ್ಲಿ ಪಶ್ಚಿಮದ ಮೂಲೆ ಕೆದಕಬೇಕು. ಕಡಗ ಸೆರಗಿಗೆ. ಸೆಕ್ರೆಟರಿ ಪೈಪನ್ನು ಅಪ್ಪಿಕೊಂಡು ಅಳಬೇಕು.

ಭಾನುವಾರ, ೪ ಮಾರ್ಚ್. ಸಂಜೆ ೬-೧೦

ಅಪ್ಪ ಸೊಸೈಟಿ ಮೀಟಿಂಗಿಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಬೆಳಿಗ್ಗೆ ಒಂಬತ್ತು. ಬಾಲ್ಕನಿ ಹೌಸ್‌ಫುಲ್. ರಾಮಸ್ವಾಮಿಯವರು ಸ್ವತಃ ಬೆರಳು ತೋರಿಸಿ “ಅಗೆಯಿರಿ” ಅಂದರು. ಪ್ರತಿಜ್ಞೆ ಈಡೇರಿತು. ಆ ಒಂದು ನಿಮಿಷ ನಾನು ಚಕ್ರವರ್ತಿ.

ಬಂಡೆಪ್ಪನ ಗುದ್ದಲಿ ಠಣ್ ಅಂತು. ಅವನ ಮುಖ ನೋಡಿದೆ. ಆ ಸದ್ದು ಅವನಿಗೆ ಪರಿಚಯವಿತ್ತು.

ಪೈಪಲ್ಲ. ಬೋರಲು ಹಾಕಿದ ಬಾಂಡ್ಲಿ. ಗಾರೆ ಹೊರುತ್ತಾರಲ್ಲ, ಆ ಕಬ್ಬಿಣದ ಬಾಂಡ್ಲಿ. ಕೆಳಗೆ ಅರಿವೆ ಗಂಟು. ಗಂಟಿನಲ್ಲಿ ಎರಡು ಬೆಳ್ಳಿ ಕಡಗ.

ಹೂಳುವಾಗ ಇಲಿ ತೋಡದ ಹಾಗೆ ಮೇಲೆ ಬಾಂಡ್ಲಿ ಕವುಚುತ್ತಾರಂತೆ. ದೇವಕ್ಕ ನನಗೆ ಹೇಳಿರಲಿಲ್ಲ — ಬಾಂಡ್ಲಿ ಕಾಂಟ್ರಾಕ್ಟರನದ್ದು, ಕೇಳದೆ ತಂದದ್ದು. ಪಶ್ಚಿಮದಲ್ಲಿ ಅವಳ ಕುರ್ಪಿಗೆ ಸಿಕ್ಕಿದ್ದು ಪೈಪು. ದೊಡ್ಡ ಸುರುಳಿ ದೊಡ್ಡದಕ್ಕೇ ಜೋರಾಗಿ ಕೂಗಿತ್ತು. ಯಂತ್ರ ಸರಿಯಾಗಿಯೇ ಹೇಳಿತ್ತು. ನಾನು ತಪ್ಪು ಓದಿದೆ.

“ಸೊಸೈಟಿ ನೆಲ, ಸೊಸೈಟಿ ಸೊತ್ತು!” ರಾಮಸ್ವಾಮಿಯ ಎರಡೂ ಕೈಯಲ್ಲಿ ಒಂದೊಂದು ಕಡಗ.

ದೇವಕ್ಕ ಓಡಿಬಂದಳು. ಸೀರೆ ಒಂದು ಗೇಣು ಎತ್ತಿ ಕಾಲು ಮುಂದಿಟ್ಟಳು. ಹರಡಿನ ಮೇಲೆ ಕಡಗ ತಿಂದ ಗುರುತು, ಬಳೆಯಷ್ಟು ದುಂಡಗೆ. ಮೊದಲನೇ ಮಹಡಿಯ ಶೀಲಾವತಿ ಆಂಟಿ ಮೇಲಿಂದಲೇ, “ರೀ ಸೆಕ್ರೆಟರಿ, ಅದು ಅವಳದೇ! ಕೊಡ್ರೀ, ನಾಚಿಕೆ ಆಗಲ್ವೇನ್ರೀ?”

ರಾಮಸ್ವಾಮಿ ಬೆವರಿದರು. ಆದರೆ ಬಿಡಲಿಲ್ಲ. “ಕೊಡೋಣ. ಮೊದಲು ಒಂದು ಹೇಳಲಿ. ಆ ನೋಟೀಸ್ ಹಚ್ಚಿ ಇವರನ್ನ ನಲ್ಲಿಗೆ ಬಿಟ್ಟೋನು ಯಾರು? ಬೋರ್ಡಿನ ಎದುರೇ ಇವಳ ಗುಡಿಸಲಿತ್ತು. ನೋಡಿರಲೇಬೇಕು. ಹೆಸರು ಹೇಳಿ, ತಗೊಂಡು ಹೋಗು.”

ದೇವಕ್ಕ ನನ್ನ ಕಡೆ ನೋಡಿದಳು. ಒಂದೇ ಕ್ಷಣ. ಗೊತ್ತಾಯಿತು — ಅವಳಿಗೆ ಗೊತ್ತು. ಅಂದಿನಿಂದಲೂ. ಗೋಂದಿನ ಡಬ್ಬಿ ಹಿಡಿದು ಕಿಸಕ್ಕನೆ ನಗುತ್ತಿದ್ದವನನ್ನು ನೋಡಿದ್ದಾಳೆ.

“ನಾ ಯಾರನ್ನೂ ನೋಡಿಲ್ರೀ ಸಾಹೇಬ್ರ,” ಅಂದಳು. ಕಾಲು ಹಿಂದಕ್ಕೆ ತೆಗೆದುಕೊಂಡಳು. ಸೀರೆ ಇಳಿಬಿಟ್ಟಳು.

ಮೀನುಬುಟ್ಟಿ ಕೆಳಗಿಟ್ಟೆ. ಒಂದು ಗಂಭೀರ ಭಾಷಣ ತಯಾರಿತ್ತು, ಯಾವಾಗಲೂ ಇರುತ್ತದೆ. ಬಂದದ್ದು ಇಷ್ಟೇ: “ನಾನೇ ಸಾರ್. ಸಹಿನೂ ನಂದೇ.”

ಅಪ್ಪ ಎರಡನೇ ಮಹಡಿಯಲ್ಲಿದ್ದರು. ಮುಖ ನೋಡಲಾಗಲಿಲ್ಲ.

ರಾಮಸ್ವಾಮಿ ಕಡಗ ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸಂಜೆ ಐದಕ್ಕೆ ಮೀಟಿಂಗ್. ಕಡಗದ ವಿಷಯ, ನಮ್ಮ ವಿಷಯ, ಎರಡೂ ಅಲ್ಲೇ ಅಂತ.

ಅಮ್ಮ ಟ್ರಂಕು ಕೆಳಗಿಳಿಸಿದ್ದಾಳೆ. ಏನೂ ಹಾಕಿಲ್ಲ, ಸುಮ್ಮನೆ ಇಳಿಸಿದ್ದಾಳೆ. ವಿನೋದಿನಿ ಮುರಿದ ಚೌಕಟ್ಟಿಗೆ ದಾರ ಸುತ್ತುತ್ತಿದ್ದಾಳೆ. ಕಿಟಕಿಯಿಂದ ಕೋರ್ಟು ಕಾಣುತ್ತದೆ. ಗುಂಡಿ ಹಾಗೇ ಇದೆ. ಅದನ್ನು ನೋಡಿ ಖುಷಿಪಡಬೇಕು ಅಂತ ಎರಡು ಸಲ ಪ್ರಯತ್ನಿಸಿದೆ.

ಮೆಟ್ಟಿಲಲ್ಲಿ ಅಪ್ಪನ ಚಪ್ಪಲಿ. ಮೆಲ್ಲಗೆ ಹತ್ತುತ್ತಿದ್ದಾರೆ. ಜೊತೆಗೆ ಇನ್ನೂ ಯಾರೋ. ಬರಿಗಾಲು, ಆದರೆ ಹೆಜ್ಜೆಹೆಜ್ಜೆಗೂ ಬೆಳ್ಳಿ ಕಡಗ ಮೆಟ್ಟಿಲ ಕಲ್ಲಿಗೆ ತಾಗುವ ಸದ್ದು, ಟಣ್... ಟಣ್... ಪಾತಾಳಗರಡಿ ಬೇಕಿಲ್ಲ, ಇದು ನನಗೇ ಕೇಳಿ—