ಕೈಗೆ ಎಟುಕದ ಕತ್ತರಿ

ಜೂನ್ 4, ಬೆಳಗ್ಗೆ

ಯಾರದು ಓದುತ್ತಿರುವುದು? ನಾಚಿಕೆಯಿಲ್ಲವೆ? ಮುದುಕಿಯ ಪುಸ್ತಕಕ್ಕೆ ಕೈ ಹಾಕುವ ಬದಲು ಹೋಗಿ ಒಲೆ ಒರೆಸು. ನೀನೇ ಎಂದು ಗೊತ್ತು, ಸೊಸೆರಾಣಿ. ಪುಟದ ತುದಿಯಲ್ಲಿ ಎಣ್ಣೆ ಬೆರಳಿನ ಗುರುತಿದೆ.

ನಿನ್ನೆ ಡಾಕ್ಟರಮ್ಮ ನನ್ನ ಮಗನ ಪಾದ ಒತ್ತಿದಳು. ಕಲಸಿದ ಹಿಟ್ಟಿನ ಹಾಗೆ ಗುಳಿ ಬಿತ್ತು.

"ಓಡ್ಬೇಕಾಗಿಲ್ಲ, ಭಾರ ಎತ್ತಬೇಕಾಗಿಲ್ಲ. ಸುಮ್ನೆ ಕೂತಿರ್ಬೇಡಿ, ಅಷ್ಟೇ. ಏಳೋದು, ಬಗ್ಗೋದು, ನಾಲ್ಕು ಹೆಜ್ಜೆ ಹಾಕೋದು, ಕೂತಲ್ಲೇ ಕಾಲು ಆಡಿಸೋದು... ತಿಂದದ್ದು ಅದರಲ್ಲೂ ಕರಗುತ್ತೆ. ಸಕ್ಕರೆ ಹೀಗೇ ಇದ್ರೆ ಕಾಲು ಉಳಿಯಲ್ಲ."

ಟೈಲರು ಇವನು. ಮಷೀನು ತುಳಿಯುತ್ತಿದ್ದಾಗ ಕಡ್ಡಿಯಂತಿದ್ದ. ಮೋಟಾರು ಹಾಕಿಸಿದ ಮೇಲೆ ಹೊಟ್ಟೆ ಮಷೀನಿಗಿಂತ ಮುಂದೆ ಬಂದಿದೆ. ನೂಲು, ಕತ್ತರಿ, ಟೀ — ಎಲ್ಲ ನೀನೇ ಕೈಗೆ ಕೊಡುತ್ತೀಯ. ಗಂಡನೋ, ತೊಟ್ಟಿಲ ಕೂಸೋ?

ಜೂನ್ 5

ಮೋಟಾರಿನ ಬೆಲ್ಟನ್ನು ಅವನದೇ ಕತ್ತರಿಯಿಂದ ಕತ್ತರಿಸಿದೆ. ಕತ್ತರಿಯನ್ನು ಆಚೆ ಗೋಡೆಯ ಮೊಳೆಗೆ ನೇತುಹಾಕಿದೆ. ನೂಲಿನ ಉಂಡೆಗಳು ಬೀರುವಿನ ಕೆಳಗಿನ ಖಾನೆಗೆ. ನೀರು ಹಿಂಬಾಗಿಲ ಹತ್ತಿರ.

"ಅಮ್ಮಾ, ಕಾಲು ನೋಯ್ತಿದೆ!"

"ನೋಯ್ಲಿ. ಇನ್ನೂ ಇದೆ ಅಂತ ಗೊತ್ತಾಗುತ್ತಲ್ಲ. ಏಳೋ ಕುಂಬಳಕಾಯಿ!"

ಗಿರಾಕಿಗಳು ನಕ್ಕರು. ನಾನೂ ನಕ್ಕೆ.

ಆಗಸ್ಟ್ 19

ಪ್ಯಾಂಟು ಸಡಿಲ. ಸಕ್ಕರೆ ಇಳಿದಿದೆಯಂತೆ. ನನ್ನೊಡನೆ ಮಾತಿಲ್ಲ. ನನ್ನನ್ನೇ ನೋಡುತ್ತಾ ಮಷೀನು ತುಳಿಯುತ್ತಾನೆ, ಕಾಲ ಕೆಳಗೆ ನಾನೇ ಇದ್ದ ಹಾಗೆ. ತುಳಿಯಲಿ.

ನವೆಂಬರ್ 2

ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟದ ಮೂಳೆ. ಆಪರೇಷನ್ನಾಗಿ ಒಳಗೆ ಕಬ್ಬಿಣ ಕೂತಿದೆ.

"ದಿನಾ ಎಬ್ಬಿಸಿ ನಡೆಸಿ," ಎಂದಳು ಡಾಕ್ಟರಮ್ಮ ಮಗನಿಗೆ. "ಮಲಗಿಸೇ ಬಿಟ್ರೆ ಮತ್ತೆ ಏಳಲ್ಲ."

ತಲೆಯಾಡಿಸಿದ. ಏನು ವಿನಯ!

ನವೆಂಬರ್ 9, ಮಧ್ಯಾಹ್ನ

ಹಿಡಿದು ನಡೆಯಲು ಆಸ್ಪತ್ರೆಯವರು ಕೊಟ್ಟ ವಾಕರನ್ನು ಮಗ ಅಟ್ಟಕ್ಕೆ ಹಾಕಿದ. ನನ್ನ ಮಂಚ ಅವನ ಮಷೀನಿನ ಎದುರಿಗೆ ಬಂತು. ನೀರು, ಕನ್ನಡಕ, ಬೆಡ್‌ಪ್ಯಾನು — ಎಲ್ಲ ಇದ್ದಲ್ಲಿಗೇ.

"ವಾಕರ್ ಕೊಡೋ."

"ನಿನಗ್ಯಾಕಮ್ಮ ತೊಂದ್ರೆ? ಏನ್ ಬೇಕು ಹೇಳು, ನಾನೇ ಎದ್ದು ತಂದ್ಕೊಡ್ತೀನಿ. ನಂಗೆ ಓಡಾಟ ಒಳ್ಳೇದಲ್ವಾ?"

"ಎಂಥ ಮಗ ರೀ ಅಜ್ಜಿ! ಪುಣ್ಯ ಮಾಡಿದ್ರಿ," ಎಂದಳು ರವಿಕೆ ಹೊಲಿಸಲು ಬಂದವಳು. ಅವನು ಹಲ್ಲು ಬಿಟ್ಟ.

ಡಿಸೆಂಬರ್ 11

ತೊಡೆ ಒಣಗಿದೆ. ಹೊದಿಕೆಯ ಕೆಳಗೆ ಕದ್ದು ಹೆಬ್ಬೆರಳು ಆಡಿಸುತ್ತಿದ್ದೆ. ನೋಡಿಬಿಟ್ಟ. ಹೊದಿಕೆಯ ಅಂಚನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ. ಹಣೆ ಸವರಿದ. "ಚಳಿ ಆಗುತ್ತಮ್ಮ."

ಸೊಸೆರಾಣಿ, ಹಿಂದಿನ ಪುಟದಲ್ಲೂ ಎಣ್ಣೆ ಬೆರಳಿದೆ. ಓದಿ ಸುಮ್ಮನಿದ್ದೀಯ. ಅವನು ಗುಂಡಿ, ಲೈನಿಂಗು ತರಲು ಪೇಟೆಗೆ ಹೋದಾಗ ಅಟ್ಟ ಹತ್ತು. ವಾಕರು ಇಳಿಸು. ಇಳಿಸುತ್ತೀಯೋ ಇಲ್ಲವೋ, ಇದರ ಕೆಳಗೇ ಬರಿ. ಕೈ ತೊಳೆದುಕೊಂಡು ಬರಿ. ಮುಂದಿನ ತಿಂಗಳು ಹುಟ್ಟುವುದರೊಳಗೆ. ಆಮೇಲೆ ನೀನು ಇಳಿಸಿದರೂ ನನ್ನ ಕಾಲು —